ಹನ್ನೊಂದು ಗಂಟೆಯ ಧೀರ

ಮ್ಯೂಸಿಯಂಗೆ ಹೊರಡುವ ಮೊದಲೇ ದೊಡ್ಡ ಸಿಸ್ಟರ್ ಒಂದು ಕೆಲಸ ಮುಗಿಸಿದ್ದರು. ಸೊಸೆ ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಆಸ್ಪತ್ರೆಯ ಕಿವಿ ವಿಭಾಗಕ್ಕೆ ಫೋನ್ ಮಾಡಿ, ಮರುದಿನ ಬೆಳಿಗ್ಗೆ ಹತ್ತಕ್ಕೆ ನಿಗದಿಯಾಗಿದ್ದ ಮೊಮ್ಮಗನ ಪರೀಕ್ಷೆಯನ್ನು ರದ್ದು ಮಾಡಿಸಿಬಿಟ್ಟಿದ್ದರು.

"ಯಾಕೆ ಸಿಸ್ಟರ್?" ಎಂದು ಆ ಕಡೆಯ ದನಿ ಕೇಳಿತ್ತು.

"ಯಾಕೆ ಅಂದ್ರೆ? ಮಗು ಶಾಂತವಾಗಿದೆ, ಚೆನ್ನಾಗಿದೆ, ಅದಕ್ಕೆ" ಎಂದು ಹೇಳಿ ಫೋನ್ ಇಟ್ಟಿದ್ದರು.

ಆ ಕಡೆ ಇದ್ದವಳು ಅವರ ಕೈಕೆಳಗೆ ತರಬೇತಿ ಪಡೆದ ಹುಡುಗಿಯೇ. ಆಗ ಒಣಕಲಾಗಿದ್ದಳೆಂದು ದೊಡ್ಡ ಸಿಸ್ಟರ್ ಅವಳಿಗೆ ಕಡ್ಡಿ ಎಂದು ಹೆಸರಿಟ್ಟಿದ್ದರು. ಈಗ ಅವಳು ಕಿವಿ ವಿಭಾಗದ ಮುಖ್ಯಸ್ಥೆ, ಮೈಕೈ ತುಂಬಿಕೊಂಡಿದ್ದಾಳೆ. ಆದರೂ ದೊಡ್ಡ ಸಿಸ್ಟರಿಗೆ ಅವಳು ಕಡ್ಡಿಯೇ. ಕಡ್ಡಿಯಂಥವರಿಗೆ ಕಾರಣ ಹೇಳುತ್ತ ಕೂರುವ ಅಭ್ಯಾಸ ಅವರಿಗಿರಲಿಲ್ಲ.

ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡನ್ನು ಆಳಿದ ಹೆಂಗಸು ಅವರು. ಆಳಿದ್ದು ಎಂದೇ ಹೇಳಬೇಕು, ಕೆಲಸ ಮಾಡಿದ್ದು ಎಂದರೆ ಅವರಿಗೇ ಸಿಟ್ಟು ಬರುತ್ತದೆ. ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು, ದೊಡ್ಡ ಸಿಸ್ಟರ್ ಮಾತ್ರ ಇದ್ದಲ್ಲೇ ಇದ್ದರು. ಕೂಸಿನ ಅಳು ಕೇಳಿಯೇ ಹಸಿವೋ ಹೊಟ್ಟೆನೋವೋ ಹೇಳುತ್ತಿದ್ದರು, ಅಂಗಾಲು ನೋಡಿ ಎಷ್ಟು ದಿನ ಮೊದಲೇ ಹುಟ್ಟಿದೆ ಎಂದು ಹೇಳುತ್ತಿದ್ದರು. ಸಾವಿರಾರು ಮಕ್ಕಳು ತಮ್ಮ ಕೈ ಮೇಲೆ ಹಾದುಹೋಗಿದ್ದಾರೆ ಎನ್ನುವ ಮಾತನ್ನು ಅವರು ದಿನಕ್ಕೆ ಒಮ್ಮೆಯಾದರೂ ಆಡದೆ ಮಲಗಿದವರಲ್ಲ.

ಅಂಥವರ ಸ್ವಂತ ಮೊಮ್ಮಗನಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ಸೊಸೆ ಅನುಮಾನ ಪಡುವುದೆಂದರೆ! ಸೊಸೆಯೇನು ದೊಡ್ಡ ಪಂಡಿತೆಯೇ? ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಗಾಜು ಬದಲಾಯಿಸಿ, "ಈಗ ಹೇಗಿದೆ, ಈಗ ಹೇಗಿದೆ" ಎಂದು ಕೇಳುವವಳು. ದೊಡ್ಡ ಸಿಸ್ಟರ್ ಅವಳ ಕೆಲಸಕ್ಕೆ ಅಕ್ಷರಾಭ್ಯಾಸ ಎನ್ನುತ್ತಿದ್ದರು.

ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕಿವಿ ನೋಡುವ ಯಂತ್ರ ಕೆಟ್ಟಿತ್ತು. ತಿಂಗಳೊಳಗೆ ಕರೆದುಕೊಂಡು ಬನ್ನಿ ಎಂದು ಚೀಟಿ ಕೊಟ್ಟಿದ್ದರು. ಆ ಚೀಟಿಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದವರು ದೊಡ್ಡ ಸಿಸ್ಟರೇ. "ಈ ಯಂತ್ರ ಬರೋಕ್ಕೆ ಮುಂಚೆ ಮಕ್ಕಳು ಕೇಳಿಸಿಕೊಳ್ತಾ ಇರ್ಲಿಲ್ವಾ?" ಎಂದು ಕೇಳಿದ್ದರು. ಬಾಣಂತಿ ಸೊಸೆಗೆ ಆಗ ವಾದ ಮಾಡುವ ತ್ರಾಣ ಇರಲಿಲ್ಲ.

ಈಗ ಮಗುವಿಗೆ ಎಂಟು ತಿಂಗಳು. ಗುಂಡುಗುಂಡಾಗಿ, ನಗುನಗುತ್ತ, ಅಂಬೆಗಾಲಿಟ್ಟು ಮನೆಯೆಲ್ಲ ಗುಡಿಸಿಕೊಂಡು ಬರುವ ಮಗು. ದೊಡ್ಡ ಸಿಸ್ಟರ್ ಅವನನ್ನು ಮಹಾರಾಜ ಎಂದು ಕರೆಯುತ್ತಿದ್ದರು. ಬಾಗಿಲು ದಢಾರನೆ ಬಡಿದರೂ ನಿದ್ದೆಯಿಂದ ಏಳುವುದಿಲ್ಲ. ಪಕ್ಕದ ಮನೆಯ ನಾಯಿ ಬೊಗಳಿದರೂ ಅಳುವುದಿಲ್ಲ. ಇಷ್ಟು ವರ್ಷದಲ್ಲಿ ಇಂಥ ಕೂಸನ್ನು ಕಂಡಿಲ್ಲ ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಬೀಗುತ್ತಿದ್ದರು.

"ಅತ್ತೆ, ನಾನು ಅಡುಗೆಮನೆಯಿಂದ ಕೂಗಿದ್ರೆ ಅವನು ತಿರುಗಲ್ಲ" ಎಂದು ಸೊಸೆ ಒಂದು ಸಲ ಹೇಳಿದಳು.

"ನೀನು ಕೂಗಿದ್ರೆ ನಿನ್ನ ಗಂಡನೇ ತಿರುಗಲ್ಲ. ಕೂಸು ತಿರುಗುತ್ತಾ?"

ಸೊಸೆ ಸುಮ್ಮನಾಗಲಿಲ್ಲ. ಆಗ ದೊಡ್ಡ ಸಿಸ್ಟರ್ ತಮ್ಮ ಪರೀಕ್ಷೆ ಮಾಡಿ ತೋರಿಸಿದರು. ಮಗುವನ್ನು ಮರದ ಮಂಚದಲ್ಲಿ ಕೂರಿಸಿ, ಹಿಂದೆ ನಿಂತು, ಮಂಚದ ಕಟಕಟೆಗೆ ಸ್ಟೀಲ್ ಚಮಚದಿಂದ ಟಣ್ಣನೆ ಬಾರಿಸಿದರು. ಮಗು ತಟ್ಟನೆ ತಿರುಗಿ ಅಜ್ಜಿಯನ್ನು ನೋಡಿ ನಕ್ಕಿತು. ಮತ್ತೆ ಬಾರಿಸಿದರು, ಮತ್ತೆ ತಿರುಗಿತು. ಅಂದಿನಿಂದ ಅದು ಪ್ರತಿ ಸಂಜೆಯ ಪ್ರದರ್ಶನವಾಯಿತು. ಚಮಚ ಕೆಳಗಿಟ್ಟು ಅವರು ಸೊಸೆಯ ಕಡೆ ನೋಡುವ ನೋಟಕ್ಕೆ ಮಾತೇ ಬೇಕಿರಲಿಲ್ಲ.

"ಅಂಗಡಿಗೆ ಬರೋ ಎಷ್ಟೋ ಜನ ಅಕ್ಷರ ಬಾಯಿಪಾಠ ಮಾಡ್ಕೊಂಡು ಬರ್ತಾರೆ ಅತ್ತೆ" ಎಂದಳು ಸೊಸೆ ಒಂದು ಸಂಜೆ. "ಕಣ್ಣು ಕಾಣದೆ ಇದ್ರೂ ಗಡಗಡ ಅಂತ ಒಪ್ಪಿಸ್ತಾರೆ. ಇವನೂ ಹಾಗೆ ಇನ್ನೇನನ್ನೋ ಹಿಡ್ಕೊಂಡು ಒಪ್ಪಿಸ್ತಿದ್ದಾನಾ ಅಂತ ನಂಗೆ ಭಯ."

"ಎಂಟು ತಿಂಗಳ ಕೂಸು ನನಗೆ ಮೋಸ ಮಾಡುತ್ತಾ? ನನಗೆ?"

ಮಗ ಲಿಫ್ಟ್ ರಿಪೇರಿ ಮಾಡುವವನು. ತಾಯಿಗೂ ಹೆಂಡತಿಗೂ ನಡುವೆ ಅವನು, ಕೆಟ್ಟ ಲಿಫ್ಟಿನಂತೆಯೇ, ಎರಡು ಮಹಡಿಗಳ ಮಧ್ಯೆ ನಿಂತುಬಿಟ್ಟಿದ್ದ. ಕೊನೆಗೆ ಸೊಸೆಯೇ ಗಟ್ಟಿ ಮನಸ್ಸು ಮಾಡಿ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಂಡಳು. ಮನೆಯಲ್ಲಿ ಎರಡು ದಿನ ಮಾತಿಲ್ಲ, ಕತೆಯಿಲ್ಲ. ಮೂರನೆಯ ದಿನ ಅವಳೇ ಬಂದು ಒಂದು ಒಪ್ಪಂದ ಮುಂದಿಟ್ಟಳು.

"ಬುಧವಾರ ಮ್ಯೂಸಿಯಂನಲ್ಲಿ ಚಿಕ್ಕ ಮಕ್ಕಳಿಗೆ ಅಂತ ಕಾರ್ಯಕ್ರಮ ಇದೆ. ಹಾಡು, ವಾದ್ಯ ಎಲ್ಲಾ ಇರುತ್ತೆ, ಬೇರೆ ಮಕ್ಕಳೂ ಬರ್ತವೆ. ನೀವೂ ಬನ್ನಿ. ಆ ಮಕ್ಕಳ ಥರ ಇವನೂ ಸದ್ದಿಗೆ ತಿರುಗಿ ನೋಡಿದ್ರೆ ಗುರುವಾರದ ಪರೀಕ್ಷೆ ನಾನೇ ಬಿಡಿಸ್ತೀನಿ. ನೋಡಲಿಲ್ಲ ಅಂದ್ರೆ ನೀವು ತುಟಿ ಪಿಟಕ್ ಅನ್ನಬಾರದು."

ದೊಡ್ಡ ಸಿಸ್ಟರ್ ಒಪ್ಪಿದರು. ಗೆಲ್ಲುವುದು ಖಾತ್ರಿಯಾದ ಮೇಲೆ ಆಟ ಮುಗಿಯುವ ತನಕ ಕಾಯುವುದೇಕೆ ಎಂದು ಬುಧವಾರ ಬೆಳಿಗ್ಗೆಯೇ ಫೋನನ್ನೂ ಮಾಡಿ ಮುಗಿಸಿದರು. ಆ ಸಂಗತಿ ಸೊಸೆಗೆ ಗೊತ್ತಿರಲಿಲ್ಲ.

ಮ್ಯೂಸಿಯಂನ ಬಾಗಿಲಲ್ಲೇ ಅವರು ಮೂಗು ಮುರಿಯಲು ಶುರುಮಾಡಿದರು. ಎದುರಿಗೆ ಬಣ್ಣಬಣ್ಣದ ಹಲಗೆ: ಅಂಬೆಗಾಲಿನ ಬುಧವಾರ. ಅದರ ಕೆಳಗೆ, ಮೂರು ತಿಂಗಳಿನಿಂದ ಮೂರು ವರ್ಷದವರೆಗಿನ ಕಲಾಪ್ರೇಮಿಗಳಿಗೆ ಸ್ವಾಗತ.

"ಕಲಾಪ್ರೇಮಿಗಳಂತೆ! ಕುತ್ತಿಗೆ ನಿಲ್ಲದವಕ್ಕೆ ಕಲೆ ಬೇರೆ" ಎಂದರು ದೊಡ್ಡ ಸಿಸ್ಟರ್, ಟಿಕೆಟ್ ಕೊಡುವವಳಿಗೆ ಕೇಳುವ ಹಾಗೆ.

ಒಳಗೆ ತಳ್ಳುಗಾಡಿಗಳನ್ನು ನಿಲ್ಲಿಸಲು ಬೇರೆಯೇ ಕೋಣೆ. ಹಾಲೂಡಿಸಲು ಪರದೆ ಹಾಕಿದ ಮೂಲೆ, ಬಟ್ಟೆ ಬದಲಿಸಲು ಮೆತ್ತನೆಯ ಮೇಜು. ಮೇಜಿನ ವ್ಯವಸ್ಥೆ ಚೆನ್ನಾಗಿಯೇ ಇತ್ತು, ಆದರೆ ಅದನ್ನು ಒಪ್ಪಿಕೊಂಡರೆ ಬಾಯಿ ಸವೆಯುತ್ತದೆಯಲ್ಲ! ಮೇಜಿನ ಅಂಚಿಗೆ ಬೆರಳು ಓಡಿಸಿ ಧೂಳಿದೆಯೇ ಎಂದು ನೋಡಿದರು. ಧೂಳು ಸಿಗದಿದ್ದಕ್ಕೆ ಇನ್ನಷ್ಟು ಬೇಸರವಾಯಿತು.

ಕಾರ್ಯಕ್ರಮ ನಡೆಸುವವಳು ಹಳದಿ ಅಂಗಿಯ, ಉದ್ದ ಕಾಲಿನ ಹುಡುಗಿ. ಎರಡು ಮಾತಿಗೊಮ್ಮೆ ಚಪ್ಪಾಳೆ ತಟ್ಟುತ್ತಿದ್ದಳು, ಆದ್ದರಿಂದ ದೊಡ್ಡ ಸಿಸ್ಟರ್ ನಿಂತ ಕಾಲಲ್ಲೇ ಅವಳಿಗೆ ಚಪ್ಪಾಳೆ ಟೀಚರ್ ಎಂದು ನಾಮಕರಣ ಮಾಡಿದರು.

"ಅಜ್ಜೀ, ನೀವೂ ಬಂದ್ರಾ! ಎಷ್ಟು ಚೆಂದ!" ಎಂದು ಅವಳು ರಾಗ ಎಳೆದಳು.

"ನಾನು ನಿನ್ನ ಅಜ್ಜಿ ಅಲ್ಲ. ಸಿಸ್ಟರ್ ಅನ್ನು."

ಹನ್ನೆರಡು ಮಕ್ಕಳು ಬಂದಿದ್ದವು. ಅವರ ತಂದೆತಾಯಿಯರನ್ನು ಕಂಡರೆ ಅಳಬೇಕೋ ನಗಬೇಕೋ ಎನ್ನುವ ಹಾಗಿತ್ತು. ಒಬ್ಬಳು ಮಗುವಿನ ಮುಖವನ್ನೇ ಕಂಡವಳಲ್ಲ, ಫೋನಿನಲ್ಲಿ ಕಾಣುವ ಮುಖವನ್ನಷ್ಟೇ ನೋಡುತ್ತಿದ್ದಳು. ಗಡ್ಡದ ಅಪ್ಪನೊಬ್ಬ ಏಳು ತಿಂಗಳ ಮಗಳನ್ನು ಸಮುದ್ರದ ಚಿತ್ರವೊಂದರ ಮುಂದೆ ಎತ್ತಿ ಹಿಡಿದು, "ಇದನ್ನ ನೋಡಿದ್ರೆ ನಿನಗೇನು ಅನ್ಸುತ್ತೆ ಪುಟ್ಟಿ?" ಎಂದು ಗಂಭೀರವಾಗಿ ಕೇಳುತ್ತಿದ್ದ. ಪುಟ್ಟಿ ಅವನ ಗಡ್ಡಕ್ಕೆ ಕುಡಿದ ಹಾಲನ್ನೆಲ್ಲ ಕಕ್ಕಿತು. ಅಭಿಪ್ರಾಯ ಸ್ಪಷ್ಟವಾಗಿದೆ ಎಂದರು ದೊಡ್ಡ ಸಿಸ್ಟರ್.

ಚಿತ್ರಗಳ ಕೋಣೆಯಲ್ಲಿ ಮಕ್ಕಳಿಗೆ ಕಪ್ಪು ಬಿಳಿ ಪಟ್ಟೆಯ ಕಾರ್ಡುಗಳನ್ನು ಹಂಚಿದರು. ಗೋಡೆಯ ಮೇಲಿನ ಚಿತ್ರದಲ್ಲೂ ಅದೇ ಪಟ್ಟೆಗಳಿದ್ದವು, ಎರಡನ್ನೂ ಹೋಲಿಸಿ ನೋಡಬೇಕಂತೆ. ಹನ್ನೆರಡು ಮಕ್ಕಳೂ ಹನ್ನೆರಡು ಕಾರ್ಡುಗಳನ್ನು ಸೀದಾ ಬಾಯಿಗೆ ಹಾಕಿಕೊಂಡವು. ಆಮೇಲೆ ಮುಟ್ಟುವ ಬುಟ್ಟಿ ಬಂತು. ಅದರಲ್ಲಿ ಕುರಿಯ ಉಣ್ಣೆ, ನುಣುಪು ಕಲ್ಲು, ಹಕ್ಕಿಯ ಗರಿ, ಹಿತ್ತಾಳೆಯ ಬಟ್ಟಲು. "ಎರಡು ಸಾವಿರ ವರ್ಷದ ಹಿಂದಿನ ಮಕ್ಕಳೂ ಇಂಥದ್ದನ್ನೇ ಮುಟ್ತಿದ್ರು" ಎಂದು ಚಪ್ಪಾಳೆ ಟೀಚರ್ ಕಣ್ಣರಳಿಸಿದಳು. ಈಗಿನ ಮಕ್ಕಳು ಮುಟ್ಟಲು ಮನೆಯಲ್ಲಿ ಬಟ್ಟಲಿಲ್ಲವೇ, ಅದಕ್ಕೆ ಟಿಕೆಟ್ ಬೇಕೇ ಎಂದು ದೊಡ್ಡ ಸಿಸ್ಟರ್ ಪಕ್ಕದವರನ್ನು ಕೇಳಿದರು. ಪಕ್ಕದವರು ಸ್ವಲ್ಪ ದೂರ ಸರಿದು ಕುಳಿತರು.

ಸೊಸೆ ಯಾವುದಕ್ಕೂ ನಗಲಿಲ್ಲ, ಯಾವುದನ್ನೂ ಹೊಗಳಲಿಲ್ಲ. ಅವಳ ಕಣ್ಣು ಮಗನ ಮೇಲೆಯೇ ಇತ್ತು.

ಮುಂದೆ ವಾದ್ಯಗಳ ಕೋಣೆ. ಒಂದು ದೊಡ್ಡ ನಗಾರಿಯನ್ನು ನೆಲದ ಮೇಲೆ ಅಡ್ಡ ಇಟ್ಟಿದ್ದರು, ಮಕ್ಕಳು ಅದರ ಸುತ್ತ ಕುಳಿತು ಅಂಗೈ ಊರಬೇಕು. ಚಪ್ಪಾಳೆ ಟೀಚರ್ ಬಾರಿಸಿದ ಕೂಡಲೇ ಮಹಾರಾಜನ ಮುಖ ಹೂವಿನಂತೆ ಅರಳಿತು. ಕೇಕೆ ಹಾಕಿದ, ಕುಳಿತಲ್ಲೇ ಕುಣಿದ, ಇನ್ನೊಮ್ಮೆ ಇನ್ನೊಮ್ಮೆ ಎನ್ನುವ ಹಾಗೆ ಚರ್ಮವನ್ನು ತಟ್ಟಿದ.

"ನೋಡು" ಎಂದರು ದೊಡ್ಡ ಸಿಸ್ಟರ್. "ನೋಡಮ್ಮ, ಕಣ್ಣಿನ ಡಾಕ್ಟ್ರೇ, ಸರಿಯಾಗಿ ನೋಡು."

"ಕೈ ಇಟ್ಟಿದ್ದಾನಲ್ಲ ಅತ್ತೆ."

"ಕೈ ಇಡದೆ ಕಾಲಿಡ್ತಾರಾ?"

ಅದಾದ ಮೇಲೆ ಚಪ್ಪಾಳೆ ಟೀಚರ್ ಎಲ್ಲರ ಹಿಂದೆ ಹೋಗಿ ಗಿಲಕಿ ಆಡಿಸಿದಳು. ಮಕ್ಕಳು ಒಂದೊಂದಾಗಿ ಹಿಂದೆ ತಿರುಗಿದವು. ಅಕ್ಕಪಕ್ಕದವರೆಲ್ಲ ತಿರುಗಿದ್ದನ್ನು ಕಂಡು ಮಹಾರಾಜನೂ ಕೊನೆಗೆ ತಿರುಗಿದ. ದೊಡ್ಡ ಸಿಸ್ಟರ್ ಎರಡು ಬೆರಳೆತ್ತಿ ಎರಡು ಸಲ ಗೆದ್ದೆ ಎಂದು ಸೊಸೆಗೆ ತೋರಿಸಿದರು. ಸೊಸೆ ಮಗುವನ್ನೆತ್ತಿಕೊಂಡು ಮುಂದಿನ ಕೋಣೆಗೆ ನಡೆದಳು.

ಕೊನೆಯದು ಗಡಿಯಾರದ ಕೋಣೆ. ಯಾವುದೋ ಹಳೆಯ ಗೋಪುರದಿಂದ ಇಳಿಸಿ ತಂದ ಗಡಿಯಾರ, ಆಳೆತ್ತರದ ಹಲ್ಲುಚಕ್ರಗಳು, ಅವುಗಳ ಮೇಲೆ ಕಂಚಿನ ಗಂಟೆ. ನೆಲ ಮರದ ಹಲಗೆಯದು. ಅದರ ಮೇಲೆ ಈ ಕಲಾಪ್ರೇಮಿಗಳಿಗಾಗಿ ಗೇಣು ದಪ್ಪದ ಸ್ಪಂಜಿನ ಹಾಸಿಗೆಯನ್ನು ಕೋಣೆಯ ನಡುಭಾಗದಲ್ಲೆಲ್ಲ ಹಾಸಿದ್ದರು.

"ಇಷ್ಟು ದಪ್ಪ ಯಾಕೆ? ಮಕ್ಕಳೇನು ಮೊಟ್ಟೆಗಳಾ? ನೆಲ ತಾಗದೆ ಬೆಳೆದವು ನಾಳೆ ನಿಲ್ಲೋದು ಹೇಗೆ?" ಎಂದು ಗೊಣಗುತ್ತ ಅವರು ಹಾಸಿಗೆಯ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತರು. ಮಗುವನ್ನು ಇತರ ಮಕ್ಕಳ ನಡುವೆ ಬಿಟ್ಟರು.

ಅಂದು ಚಪ್ಪಾಳೆ ಟೀಚರ್ ಹಾಡುಗಳನ್ನು ಲಂಬಿಸಿದ್ದಳು. ಹನ್ನೊಂದಕ್ಕೆ ಮೊದಲೇ ಈ ಕೋಣೆಯಿಂದ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆಂಬುದು ನಿಯಮ. ಅವಳು ಕೈಗಡಿಯಾರ ನೋಡಿಕೊಳ್ಳಲಿಲ್ಲ. ಅಷ್ಟು ದೊಡ್ಡ ಗಡಿಯಾರ ಎದುರಿಗೇ ಇದ್ದರೂ ಗಂಟೆ ಎಷ್ಟೆಂದು ತಿಳಿಯದವಳು ಅವಳೊಬ್ಬಳೇ.

ಚಕ್ರಗಳು ಗರಗರ ತಿರುಗಿದವು. ಕಂಚಿನ ಗಂಟೆ ಬಾರಿಸಿತು.

ಮೊದಲ ಪೆಟ್ಟಿಗೇ ಹನ್ನೊಂದು ಮಕ್ಕಳು ಬೆಚ್ಚಿ ಬಿದ್ದವು. ಎರಡನೆಯದಕ್ಕೆ ಹನ್ನೊಂದು ಬಾಯಿಗಳು ಒಟ್ಟಿಗೆ ತೆರೆದವು. ತಾಯಂದಿರು ಓಡಿದರು, ಫೋನಿನವಳು ಫೋನ್ ಬಿಸಾಕಿ ಮಗುವಿನ ಕಿವಿ ಮುಚ್ಚಿದಳು, ಗಡ್ಡದ ಅಪ್ಪ ಪುಟ್ಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಪೆಟ್ಟಿನ ಮೇಲೆ ಪೆಟ್ಟು, ಅಳುವಿನ ಮೇಲೆ ಅಳು. ಕಿಟಕಿಯ ಗಾಜುಗಳು ಕೂಡ ಸಣ್ಣಗೆ ನಡುಗಿದವು.

ಇಷ್ಟರ ನಡುವೆ ಮಹಾರಾಜ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಕುಳಿತು ತನ್ನ ಕಾಲ್ಚೀಲವನ್ನು ಎಳೆಯುತ್ತಿದ್ದ. ಆ ಕೆಲಸದ ನಡುವೆ ಒಮ್ಮೆ ತಲೆಯೆತ್ತಿ, ಎಲ್ಲರ ಬಾಯಿ ಯಾಕೆ ತೆರೆದಿದೆ ಎಂದು ಕುತೂಹಲದಿಂದ ಒಂದೊಂದೇ ಮುಖ ನೋಡಿದ.

"ನೋಡಿದ್ರಾ?" ಎಂದರು ದೊಡ್ಡ ಸಿಸ್ಟರ್ ಎಲ್ಲರಿಗೂ ಕೇಳುವಂತೆ, ಹನ್ನೊಂದನೆಯ ಪೆಟ್ಟು ಇನ್ನೂ ಗುಂಯ್‌ಗುಡುತ್ತಿರುವಾಗಲೇ. "ಇವು ಅಳುಮುಂಜಿಗಳು. ಇವನು ನೋಡಿ, ನನ್ನ ಮೊಮ್ಮಗ!"

ಮುಖ ಬಿಳಿಚಿಕೊಂಡಿದ್ದ ಚಪ್ಪಾಳೆ ಟೀಚರಿಗೆ ಮುಳುಗುವಾಗ ಹಲಗೆ ಸಿಕ್ಕಂತಾಯಿತು. "ಹೌದಲ್ವಾ! ಎಷ್ಟು ಶಾಂತವಾಗಿದ್ದಾನೆ!" ಎಂದು ಚಪ್ಪಾಳೆ ತಟ್ಟಿ, ಜೇಬಿನಿಂದ ಚಿನ್ನದ ಬಣ್ಣದ ಅಂಟುನಕ್ಷತ್ರ ತೆಗೆದು ಮಹಾರಾಜನ ಎದೆಗೆ ಅಂಟಿಸಿದಳು. ಅದರ ಮೇಲೆ 'ಇಂದಿನ ಧೀರ' ಎಂದು ಅಚ್ಚಾಗಿತ್ತು.

ದೊಡ್ಡ ಸಿಸ್ಟರ್ ಗೆದ್ದ ಮುಖ ಹೊತ್ತು ಸೊಸೆಯ ಕಡೆ ತಿರುಗಿದರು. ಸೊಸೆ ಮಗನನ್ನು ನೋಡುತ್ತಿರಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ ಆ ನೋಟದಲ್ಲಿ, ಗೆದ್ದೆನೆಂಬ ಬಿಂಕವೂ ಇರಲಿಲ್ಲ. ನೀವೂ ನೋಡಿದಿರಲ್ಲ ಎಂದು ಕೇಳುವ ಹಾಗಿತ್ತು, ಅಷ್ಟೇ.

ಶಾಂತವಾಗಿದ್ದಾನೆ. ಆ ಮಾತು ಈಗ ಹಿಂದಿರುಗಿ ಬಂದು ಅವರಿಗೇ ತಾಗಿತು.

ಇಪ್ಪತ್ತು ವರ್ಷಗಳ ಹಿಂದೆ ವಾರ್ಡಿನಲ್ಲಿ ಯಾರೋ ಒಂದು ತಟ್ಟೆಯ ತುಂಬ ಸಾಮಾನು ಕೆಡವಿದ್ದರು. ಎಲ್ಲ ಕೂಸುಗಳೂ ಬೆಚ್ಚಿ ಕಿರುಚಿದವು, ಕಿಟಕಿಯ ಪಕ್ಕದ್ದು ಮಾತ್ರ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಕಡ್ಡಿ ಅದರ ಹಾಳೆಯಲ್ಲಿ 'ಮಗು ಶಾಂತವಾಗಿದೆ' ಎಂದು ಬರೆದಳು. ದೊಡ್ಡ ಸಿಸ್ಟರ್ ಆ ಹಾಳೆಯನ್ನು ಅವಳ ಮುಖದ ಮುಂದೆ ಹಿಡಿದು ಇಡೀ ವಾರ್ಡಿಗೆ ಕೇಳುವಂತೆ ಬೈದಿದ್ದರು: "ಶಾಂತ ಅಂತೆ, ಶಾಂತ! ಬೆಚ್ಚಲಿಲ್ಲ ಅಂತ ಬರೀಬೇಕು, ಅದೂ ಕೆಂಪು ಇಂಕಲ್ಲಿ. ಕಣ್ಣಿದ್ದೂ ಕಾಣದವರು ಈ ಕೆಲಸಕ್ಕೆ ಯಾಕೆ ಬರ್ತೀರೋ!" ಕಡ್ಡಿ ಅಂದು ಊಟ ಬಿಟ್ಟು ಅತ್ತಿದ್ದಳು.

ದೊಡ್ಡ ಸಿಸ್ಟರ್ ಸ್ಟೂಲಿನಿಂದ ಎದ್ದರು. ಮೊಣಕಾಲು ಊರಿ ಮೊಮ್ಮಗನ ಬೆನ್ನ ಹಿಂದೆ ಕುಳಿತರು. ಸೊಂಟದ ಬೀಗದ ಕೈ ಗೊಂಚಲು ತೆಗೆದು ಅವನ ತಲೆಯ ಹಿಂದೆ ಝಣಝಣ ಆಡಿಸಿದರು. ಕಾಲ್ಚೀಲದ ಕೆಲಸ ಸಾಗಿತ್ತು. ಇನ್ನೂ ಹತ್ತಿರ, ಇನ್ನೂ ಜೋರಾಗಿ. ಪಕ್ಕದ ಮಗು ತಿರುಗಿ ನೋಡಿತು, ಇವನು ನೋಡಲಿಲ್ಲ. "ಮಹಾರಾಜ" ಎಂದು ಕರೆದರು. ವಾರ್ಡಿನ ಆ ತುದಿಯಿಂದ ಈ ತುದಿಗೆ ನಡುಕ ಹುಟ್ಟಿಸುತ್ತಿದ್ದ ಗಂಟಲಿನಿಂದ ಕರೆದರು. ಅವನು ಕಾಲ್ಚೀಲವನ್ನು ಕಿತ್ತು ಬಾಯಿಗೆ ಹಾಕಿಕೊಂಡ.

ಮಗುವನ್ನೆತ್ತಿ ಹಾಸಿಗೆಯ ಆಚೆ ಬರಿಯ ಹಲಗೆಯ ಮೇಲೆ ಕೂರಿಸಿದರು. ಮತ್ತೆ ಹಿಂದೆ ಹೋಗಿ, ಮಾರುದ್ದ ದೂರದಲ್ಲಿ, ಬೆರಳ ಗೆಣ್ಣಿನಿಂದ ನೆಲವನ್ನು ಮೆಲ್ಲಗೆ ಬಡಿದರು. ಪಕ್ಕದಲ್ಲಿ ಕುಳಿತವರಿಗೂ ಕೇಳದಷ್ಟು ಮೆಲ್ಲಗೆ.

ಮಗು ತಟ್ಟನೆ ತಿರುಗಿ ಅಜ್ಜಿಯನ್ನು ನೋಡಿ ನಕ್ಕಿತು.

ಮಂಚದ ಕಟಕಟೆ. ನಗಾರಿಯ ಚರ್ಮ. ದಿನಾ ಸಂಜೆ ಚಮಚ ಹಿಡಿದು ಅವರು ಪರೀಕ್ಷಿಸಿದ್ದು ಮಗುವಿನ ಕಿವಿಯನ್ನಲ್ಲ, ಅದು ಕುಳಿತ ಮರವನ್ನು. ಮಗು ಯಾರಿಗೂ ಮೋಸ ಮಾಡಿರಲಿಲ್ಲ. ಕುಂಡಿಗೆ ತಾಗಿದ ಕಂಪನವನ್ನು ನಂಬಿ ತಿರುಗಿತ್ತು, ಪಾಪ. ಮೂವತ್ತನಾಲ್ಕು ವರ್ಷ ವಾರ್ಡ್ ಆಳಿದವರು, ಅಳು ಕೇಳಿ ರೋಗ ಹೇಳುವವರು, ಮಗುವಿಗೆ ಕೇಳದಿದ್ದುದಕ್ಕೆ ಮಹಾರಾಜನ ಗತ್ತು ಎಂದು ಹೆಸರಿಟ್ಟು ಎಂಟು ತಿಂಗಳು ಊರೆಲ್ಲ ಸಾರಿಕೊಂಡು ಬಂದರು. ಚಪ್ಪಾಳೆ ಟೀಚರ್ ಅಂಟಿಸಿದ್ದು ಒಂದೇ ನಕ್ಷತ್ರ. ಇವರು ದಿನಕ್ಕೊಂದು ಅಂಟಿಸಿದ್ದರು. ಅಲ್ಲಿಗೆ ಬಂದಿದ್ದವರಲ್ಲೆಲ್ಲ ಅತಿ ದೊಡ್ಡ ದಡ್ಡಿ ಯಾರು ಎಂದು ಅವರಿಗೆ ಈಗ ಅನುಮಾನವೇ ಉಳಿಯಲಿಲ್ಲ. ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ನಕ್ಷತ್ರದ ಅಂಚನ್ನು ಉಗುರಿನಿಂದ ಎಬ್ಬಿಸಿ ಕಿತ್ತರು. ಎಲ್ಲಿ ಇಡುವುದೆಂದು ತೋಚದೆ ಅದನ್ನು ಅಂಗೈಯಲ್ಲೇ ಮುದುಡಿ ಹಿಡಿದರು.

"ನಾಳೆ ಹತ್ತಕ್ಕಲ್ವಾ ಅತ್ತೆ" ಎಂದಳು ಸೊಸೆ ಪಕ್ಕದಲ್ಲಿ ಕುಳಿತು, ಮೆಲ್ಲಗೆ. "ಎಲ್ಲರೂ ಒಟ್ಟಿಗೇ ಹೋಗೋಣ. ಇವರೂ ರಜ ಹಾಕ್ತಾರೆ."

ಅವಳ ಆ ಮೆಲುದನಿಯನ್ನೇ ಅವರಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ನಾಳೆ ಇಲ್ಲ ಕಣಮ್ಮ" ಎಂದರು. "ನೀನು ಸ್ನಾನಕ್ಕೆ ಹೋದಾಗ ಫೋನ್ ಮಾಡಿ ರದ್ದು ಮಾಡ್ಸಿಬಿಟ್ಟೆ."

ಸೊಸೆಯ ಮುಖದ ಬಣ್ಣ ಹೋಯಿತು. ಮಗುವನ್ನು ಅತ್ತೆಯ ಮುಂದಿನಿಂದ ಎತ್ತಿಕೊಂಡು, ಹಾಸಿಗೆಯ ಆ ತುದಿಗೆ ಹೋಗಿ, ಬೆನ್ನು ಮಾಡಿ ನಿಂತಳು.

ದೊಡ್ಡ ಸಿಸ್ಟರ್ ನೆಲದ ಮೇಲೆ ಕುಳಿತಲ್ಲಿಂದಲೇ ಫೋನ್ ಹಚ್ಚಿದರು. ಅಳುವ ಮಕ್ಕಳ ನಡುವೆ ಒಂದು ಕಿವಿ ಮುಚ್ಚಿಕೊಂಡು ಕೂಗಬೇಕಾಯಿತು, ಆದ್ದರಿಂದ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಆ ಹೊತ್ತನ್ನ ಬೇರೆಯವರಿಗೆ ಕೊಟ್ಟಾಯ್ತಲ್ಲ ಸಿಸ್ಟರ್" ಎಂದಳು ಕಡ್ಡಿ. "ಇನ್ನು ಖಾಲಿ ಇರೋದು ಹತ್ತು ವಾರ ಆದ್ಮೇಲೆ."

"ಹತ್ತು ವಾರ ಬೇಡಮ್ಮ. ಎಂಟು ತಿಂಗಳು ಆಗಲೇ ಹಾಳು ಮಾಡಿದ್ದೀನಿ. ನಿನ್ನ ಕಾಲಿಗೆ ಬೀಳ್ತೀನಿ."

ದೊಡ್ಡ ಸಿಸ್ಟರ್ ಯಾರನ್ನಾದರೂ ಹೀಗೆ ಬೇಡಿದ್ದನ್ನು ಕಡ್ಡಿ ಕೇಳಿದವಳಲ್ಲ, ಅವರೂ ಕೇಳಿದವರಲ್ಲ.

"ನಾಳೆ ನನ್ನ ಊಟದ ಹೊತ್ತಲ್ಲಿ ನೋಡ್ತೀನಿ. ಒಂದೂಕಾಲಿಗೆ ಕರ್ಕೊಂಡು ಬನ್ನಿ. ಆದ್ರೆ ಫಾರಂ ಈಗಲೇ ತುಂಬ್ಕೋಬೇಕು. ಹುಟ್ಟಿದಾಗ ಪರೀಕ್ಷೆ ಆಗಿತ್ತಾ?"

"ಇಲ್ಲ. ಯಂತ್ರ ಕೆಟ್ಟಿತ್ತು."

"ತಿಂಗಳೊಳಗೆ ಬರೋಕೆ ಚೀಟಿ ಕೊಟ್ಟಿರ್ತಾರಲ್ಲ?"

"ಕೊಟ್ಟಿದ್ರು."

"ಮತ್ತೆ ಬೇಡ ಅಂದವರು ಯಾರು ಸಿಸ್ಟರ್? ತಾಯಿನಾ, ತಂದೆನಾ? ಇಲ್ಲಿ ಬರೀಬೇಕು."

ಸೊಸೆ ತಿರುಗಿದಳು. ಗಡ್ಡದ ಅಪ್ಪ, ಫೋನಿನವಳು, ಚಪ್ಪಾಳೆ ಟೀಚರ್, ಎಲ್ಲರೂ ಇತ್ತಲೇ ನೋಡುತ್ತಿದ್ದರು.

"ಅವರಿಬ್ಬರೂ ಅಲ್ಲ" ಎಂದರು ದೊಡ್ಡ ಸಿಸ್ಟರ್. "ನಾನು. ಅಜ್ಜಿ ಅಂತ ಬರೆದು ಬಿಡಬೇಡ. ಹೆರಿಗೆ ವಾರ್ಡಿನ ನಿವೃತ್ತ ಸಿಸ್ಟರ್ ಅಂತಾನೇ ಬರಿ. ಗಂಟೆ ಹೊಡೆದ್ರೂ ಬೆಚ್ಚಲಿಲ್ಲ ಅಂತ ಬರಿ. ಕೆಂಪು ಇಂಕಲ್ಲಿ ಬರಿಯಮ್ಮ, ಕಡ್ಡಿ."